ಬಿಟ್ಟ ನರ್ಸಿಂಗ್ ಓದು ಮತ್ತೆ ಹಿಡಿಯಬೇಕೇ? ಫೀ ಕಟ್ಟುವ ಮೊದಲು ಇದನ್ನು ಓದಿ

ನಂದಗಡ: ಪಿಯುಸಿ ಆದ ಕೂಡಲೇ ಮದುವೆ, ಆಮೇಲೆ ಮಕ್ಕಳು, ಅತ್ತೆ-ಮಾವನ ಆರೈಕೆ. ಹತ್ತು ವರ್ಷ ಹೋದದ್ದೇ ಗೊತ್ತಾಗುವುದಿಲ್ಲ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ 'ನರ್ಸಿಂಗ್ ಕಲಿತರ ಹೆಂಗ?' ಎಂಬ ವಿಚಾರ ನಮ್ಮ ತಾಲೂಕಿನ ಎಷ್ಟೋ ಮನೆಗಳಲ್ಲಿ ಬರುತ್ತದೆ. ಬೆನ್ನಿಗೇ ಇನ್ನೊಂದು ಪ್ರಶ್ನೆ: 'ಈ ವಯಸ್ಸಿನಾಗ ತಗೋತಾರೇನ್ರಿ?'

ತಗೋತಾರೆ. ಆದರೆ ಎಲ್ಲರಿಗೂ ಒಂದೇ ದಾರಿ ಇಲ್ಲ. ನಿಮ್ಮ ವಯಸ್ಸೆಷ್ಟು, ಕೈಯಲ್ಲಿ ಯಾವ ಸರ್ಟಿಫಿಕೇಟ್ ಇದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಇದನ್ನು ನೋಡದೆ ದುಡ್ಡು ಕಟ್ಟಿದರೆ ಫೀ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಎರಡು-ಮೂರು ವರ್ಷ ಹೋಗುತ್ತದೆ.

35ರ ಗಡಿ

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದ ಪ್ರಕಾರ ಎಎನ್‌ಎಂ ಮತ್ತು ಜಿಎನ್‌ಎಂ ಸೇರಲು ಕನಿಷ್ಠ 17, ಗರಿಷ್ಠ 35 ವರ್ಷ. ಎಎನ್‌ಎಂ 2 ವರ್ಷದ ಓದು, ಮಹಿಳೆಯರಿಗೆ ಮಾತ್ರ. ಜಿಎನ್‌ಎಂ 3 ವರ್ಷದ ಡಿಪ್ಲೊಮಾ, ಗಂಡುಮಕ್ಕಳೂ ಸೇರಬಹುದು.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಈಗಾಗಲೇ ಎಎನ್‌ಎಂ ಮುಗಿಸಿದವರಿಗೆ ಜಿಎನ್‌ಎಂ ಸೇರಲು ಈ ವಯಸ್ಸಿನ ಅಡ್ಡಿ ಇಲ್ಲ. 34ಕ್ಕೆ ಎಎನ್‌ಎಂ ಸೇರಿದಾಕೆ 36ಕ್ಕೆ ಮುಗಿಸಿ ಜಿಎನ್‌ಎಂಗೆ ಅರ್ಜಿ ಹಾಕಬಹುದು. ಅದಕ್ಕೇ 33-34ರ ಹೊಸ್ತಿಲಲ್ಲಿ ಇರುವವರು 'ಮುಂದಿನ ವರ್ಷ ನೋಡೋಣ' ಅನ್ನಬೇಡಿ.

ಆರ್ಟ್ಸ್ ಓದಿದವರೂ ಸೇರಬಹುದು

ಸೈನ್ಸ್ ಇಲ್ಲದಿದ್ದರೆ ನರ್ಸಿಂಗ್ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಜಿಎನ್‌ಎಂಗೆ ಆರ್ಟ್ಸ್, ಕಾಮರ್ಸ್ ಪಿಯುಸಿಯೂ ನಡೆಯುತ್ತದೆ. ಇಂಗ್ಲಿಷ್ ಪಾಸಾಗಿ, ಶೇ 40 ಅಂಕ ಇರಬೇಕು. 4 ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಮಾತ್ರ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಕಡ್ಡಾಯ, ಸಾಮಾನ್ಯ ವರ್ಗಕ್ಕೆ ಶೇ 45, ಎಸ್‌ಸಿ, ಎಸ್‌ಟಿಗೆ ಶೇ 40 ಅಂಕ ಬೇಕು. ಅದರ ಸೀಟು ಈಗ ಕೆಇಎ ನಡೆಸುವ ಸಿಇಟಿ ಮೂಲಕ.

ಪಿಯುಸಿ ಫೇಲಾಗಿ ನಿಂತವರು ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ 12ನೇ ತರಗತಿ ಮುಗಿಸಬಹುದು. ಆ ಸರ್ಟಿಫಿಕೇಟನ್ನು ಪರಿಷತ್ತು ಒಪ್ಪುತ್ತದೆ.

ಅರ್ಧಕ್ಕೆ ಬಿಟ್ಟವರ ಕಥೆ ಬೇರೆ

ಜಿಎನ್‌ಎಂ ಒಂದು ವರ್ಷ ಓದಿ ಬಿಟ್ಟೆ, ಎರಡನೇ ವರ್ಷಕ್ಕೆ ಸೇರಬಹುದೇ? ಜಿಎನ್‌ಎಂ ಅನ್ನು ಸೇರಿದ ದಿನದಿಂದ 6 ವರ್ಷದೊಳಗೆ, ಬಿಎಸ್ಸಿಯನ್ನು 8 ವರ್ಷದೊಳಗೆ ಮುಗಿಸಬೇಕು. ಆ ಅವಧಿ ದಾಟಿದ್ದರೆ ಮತ್ತೆ ಮೊದಲ ವರ್ಷದಿಂದಲೇ ಶುರು, ಮತ್ತೆ ವಯಸ್ಸಿನ ಲೆಕ್ಕವೂ ಬರುತ್ತದೆ. ಅವಧಿ ಇನ್ನೂ ಉಳಿದಿದ್ದರೆ ಮೊದಲು ಹಳೆಯ ಕಾಲೇಜಿಗೇ ಹೋಗಿ ವಿಚಾರಿಸಿ.

ಜಿಎನ್‌ಎಂ ಮುಗಿಸಿ, ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಇದ್ದವರು 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಬಹುದು. ನೋಂದಣಿ ನವೀಕರಣ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.

'ಆರು ತಿಂಗಳಲ್ಲಿ ನರ್ಸ್' ಎಂಬ ಬೋರ್ಡು

ಆರು ತಿಂಗಳಲ್ಲಿ ನರ್ಸ್, ಮನೆಯಲ್ಲೇ ಕೂತು ಜಿಎನ್‌ಎಂ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರೋಗಿಯ ಹತ್ತಿರ ನಿಂತು ಕಲಿಯುವ ವಿದ್ಯೆ ಇದು. ತರಗತಿ, ಪ್ರಾಯೋಗಿಕ ಎರಡರಲ್ಲೂ ಶೇ 80 ಹಾಜರಾತಿ ಬೇಕು. ಡಿಪ್ಲೊಮಾ ಕೈಗೆ ಬರುವ ಮೊದಲು ಪ್ರಾಯೋಗಿಕ ಹಾಜರಾತಿ ಶೇ 100 ಆಗಿರಬೇಕು.

ಅಲ್ಪಾವಧಿ ಕೋರ್ಸ್ ಮಾಡಿ ಆಸ್ಪತ್ರೆಯಲ್ಲಿ ಸಹಾಯಕರಾಗಿ ದುಡಿಯುವುದು ತಪ್ಪಲ್ಲ. ಆದರೆ ಅದರಿಂದ ನರ್ಸ್ ನೋಂದಣಿ ಸಿಗುವುದಿಲ್ಲ, ನೋಂದಣಿ ಇಲ್ಲದೆ ಸರ್ಕಾರಿ ಸ್ಟಾಫ್ ನರ್ಸ್ ಹುದ್ದೆಯೂ ಇಲ್ಲ. ಹಾಗಾಗಿ ಫೀ ಕಟ್ಟುವ ಮೊದಲು ಕಾಲೇಜಿನವರಿಗೆ ಒಂದೇ ಮಾತು ಕೇಳಿ: 'ಇದು ಮುಗಿದ ಮ್ಯಾಲ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ್ಯಾಗ ನೋಂದಣಿ ಆಗತದೇನ್ರಿ?' ಬಾಯಿಮಾತಿಗೆ ಬಿಡಬೇಡಿ. ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿ ಪರಿಷತ್ತಿನ ವೆಬ್‌ಸೈಟಿನಲ್ಲಿ ಇರುತ್ತದೆ, ಮೊಬೈಲಿನಲ್ಲೇ ನೋಡಬಹುದು.

ಮನೆಯ ಲೆಕ್ಕ

ನಂದಗಡದಿಂದ ಬೆಳಗಾವಿ ಸುಮಾರು 35 ಕಿ.ಮೀ. ಅಲ್ಲಿ ಬಿಮ್ಸ್, ಕೆಎಲ್‌ಇ ಸಂಸ್ಥೆಗಳಲ್ಲಿ ನರ್ಸಿಂಗ್ ಓದು ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ. ಆದರೆ ವಾರ್ಡ್ ಡ್ಯೂಟಿ ನಸುಕಿನಲ್ಲೂ ಇರುತ್ತದೆ, ರಾತ್ರಿಯೂ ಇರುತ್ತದೆ. ಬಸ್ಸಿನ ವೇಳೆಗೆ ಡ್ಯೂಟಿ ಹೊಂದುವುದಿಲ್ಲ. ಆ ದಿನಗಳಲ್ಲಿ ಹಾಸ್ಟೆಲ್ಲೋ ಸಂಬಂಧಿಕರ ಮನೆಯೋ, ಮಕ್ಕಳನ್ನು ನೋಡುವವರು ಯಾರು ಎಂಬುದನ್ನು ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಅಂಗಡಿ ನಡೆಸುವ ಮನೆಯಾದರೆ ಆ ಹೊತ್ತಿಗೆ ಗಲ್ಲಾದ ಮೇಲೆ ಕೂಡುವವರು ಯಾರು ಎಂಬುದೂ ಸೇರಿ.

ಕಾಗದಪತ್ರದಲ್ಲಿ ಹೆಚ್ಚು ತೊಡಕಾಗುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು ಇದ್ದರೆ ಈಗಲೇ ಸರಿ ಮಾಡಿಸಿ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ಪೂರ್ತಿ ಓದಿ, ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ.

ಓದು ಬಿಟ್ಟವರಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಪುಸ್ತಕ ಭಾರ ಅನ್ನಿಸುತ್ತದೆ, ಕನ್ನಡ, ಮರಾಠಿ ಮಾಧ್ಯಮದವರಿಗೆ ಇನ್ನೂ ಸ್ವಲ್ಪ ಹೆಚ್ಚು. ಆದರೆ ಮನೆಯಲ್ಲಿ ಹಿರಿಯರ ಹಾಸಿಗೆ ಬದಲಿಸಿ, ಕೂಸಿನ ಜ್ವರಕ್ಕೆ ರಾತ್ರಿಯೆಲ್ಲ ಎಚ್ಚರಿದ್ದವರಿಗೆ ವಾರ್ಡಿನ ಕೆಲಸ ಹೊಸದೇನಲ್ಲ. ಈ ವಾರ ಎರಡೇ ಕೆಲಸ ಮಾಡಿ: ಅಂಕಪಟ್ಟಿ ಹುಡುಕಿ ತೆಗೆಯಿರಿ, 35ಕ್ಕೆ ಎಷ್ಟು ತಿಂಗಳು ಉಳಿದಿದೆ ಎಂದು ಎಣಿಸಿ.