ಒಂಟಿಕಾಲಿನ ಕೋಳಿ

ಅಕ್ಕ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿಯ ಟೀಚರು. ಹೋದ ತಿಂಗಳು ಒಂದನೇ ತರಗತಿಯವರಿಗೆ ಎಣಿಕೆಯ ವರ್ಕ್‌ಶೀಟ್ ಮಾಡಿದ್ದಳು. ಹಸು, ಕೋಳಿ, ಇರುವೆ. ಒಂದೊಂದರ ಪಕ್ಕ ಖಾಲಿ ಚೌಕ, ಮೇಲೆ ‘ಕಾಲು ಎಷ್ಟು?’ ಕೋಳಿಯ ಎದುರು ಹನ್ನೊಂದು ಮಕ್ಕಳು 1 ಎಂದು ಬರೆದಿದ್ದರು. ಕೆಂಪು ಪೆನ್ನು ಎತ್ತಿದವಳು ಹಾಳೆಯನ್ನು ಇನ್ನೊಮ್ಮೆ ನೋಡಿ ಸುಮ್ಮನೆ ರೈಟ್ ಹಾಕಿದಳಂತೆ. ಚಿತ್ರದಲ್ಲಿದ್ದದ್ದು ಒಂದೇ ಕಾಲು.

ಕೋಳಿ ನಮ್ಮ ಮನೆಯದೇ. ಹುಲ್ಲಿನ ಮೆದೆಯ ಮುಂದೆ ಎರಡೂ ಕಾಲೂರಿ ನಿಂತಿದ್ದಾಗ ನಾನೇ ಫೋಟೊ ತೆಗೆದು ಕಳಿಸಿದ್ದೆ. ಅಕ್ಕ ಅದನ್ನು ಫೋನಿನ ಆ್ಯಪ್ ಒಂದಕ್ಕೆ ಕೊಟ್ಟು ಹಿನ್ನೆಲೆ ತೆಗೆಸಿದ್ದಳು. ಮೆದೆ ಹೋಯಿತು, ನೆಲ ಹೋಯಿತು, ಜೊತೆಗೆ ನೆರಳಲ್ಲಿದ್ದ ಎಡಗಾಲೂ ಹೋಯಿತು.

ಹಿನ್ನೆಲೆ ಯಾಕೆ ತೆಗೆಯಬೇಕು ಎಂಬುದು ಜೆರಾಕ್ಸ್ ಅಂಗಡಿಗೆ ಹೋದವರಿಗೆಲ್ಲ ಗೊತ್ತು. ಆ ಯಂತ್ರದಲ್ಲಿರುವುದು ಒಂದೇ ಬಣ್ಣ, ಕಪ್ಪು. ಬೂದು ತೋರಿಸಬೇಕಾದರೆ ಕಪ್ಪು ಚುಕ್ಕೆಗಳನ್ನು ಒತ್ತೊತ್ತಾಗಿಯೋ ವಿರಳವಾಗಿಯೋ ಇಡಬೇಕು. ಪ್ರತಿಯ ಪ್ರತಿ ತೆಗೆದಷ್ಟೂ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು ಹುಲ್ಲೂ ಕೋಳಿಯೂ ಸೇರಿ ಮಸಿಯ ಮುದ್ದೆಯಾಗುತ್ತವೆ. ಮೇಲಾಗಿ ಆರು ವರ್ಷದ ಮಗುವಿಗೆ ಚಿತ್ರದಲ್ಲಿ ಯಾವುದೂ ಹಿನ್ನೆಲೆಯಲ್ಲ; ಮೆದೆಯ ತುದಿಯಲ್ಲಿ ಕಾಗೆ ಕೂತಿದ್ದರೆ ಅದರ ಕಾಲನ್ನೂ ಸೇರಿಸಿ ಎಣಿಸುತ್ತದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾದಾಗ ಫೋನೂ ಇರಲಿಲ್ಲ, ಆ್ಯಪೂ ಇರಲಿಲ್ಲ. ಚಿತ್ರ ಬೇಕೆಂದರೆ ಕೈಯಲ್ಲಿ ಬರೆಯಬೇಕು, ಇಲ್ಲವೇ ಎಲ್ಲಿಂದಲಾದರೂ ಕತ್ತರಿಸಿ ಅಂಟಿಸಬೇಕು. ಕತ್ತರಿ ಹಿಡಿದ ಕೈಗೆ ಕೋಳಿಗೆ ಎರಡು ಕಾಲು ಎಂಬುದು ಗೊತ್ತಿರುತ್ತಿತ್ತು.

ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕೆ ಕಾಣುವುದು ಕೋಳಿಯಲ್ಲ, ಅಂಕಿಗಳ ರಾಶಿ: ಪ್ರತಿ ಪಿಕ್ಸೆಲ್‌ಗೆ ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು, ಎಲ್ಲವೂ 0ಯಿಂದ 255ರೊಳಗೆ. ಈ ರಾಶಿಯಲ್ಲಿ ಅಂಚು ಹುಡುಕುವ ಜಾಣ ಉಪಾಯವೊಂದನ್ನು 2004ರಲ್ಲಿ ಮೈಕ್ರೊಸಾಫ್ಟ್‌ನ ಕೇಂಬ್ರಿಜ್ ಪ್ರಯೋಗಾಲಯದ ಕಾರ್ಸ್ಟನ್ ರೋದರ್, ವ್ಲಾದಿಮಿರ್ ಕೊಲ್ಮೊಗೊರೊವ್, ಆಂಡ್ರ್ಯೂ ಬ್ಲೇಕ್ ಮುಂದಿಟ್ಟರು. ಹೆಸರು ಗ್ರ್ಯಾಬ್‌ಕಟ್. ಕೋಳಿಯ ಸುತ್ತ ನಾವೊಂದು ಚೌಕ ಎಳೆದುಕೊಟ್ಟರೆ ಸಾಕು. ಪಕ್ಕಪಕ್ಕದ ಪಿಕ್ಸೆಲ್‌ಗಳ ನಡುವೆ ದಾರ ಕಟ್ಟಿದೆ ಎಂದುಕೊಳ್ಳಿ. ಬಣ್ಣ ಹೋಲಿದರೆ ದಾರ ಗಟ್ಟಿ, ಹೋಲದಿದ್ದರೆ ಲಡ್ಡು. ಒಟ್ಟು ಶ್ರಮ ಆದಷ್ಟೂ ಕಡಿಮೆಯಾಗುವಂತೆ ದಾರಗಳನ್ನು ಹರಿಯುತ್ತಾ ಹೋಗುವುದು ಅದರ ಕೆಲಸ. ಸೌದೆ ಸೀಳುವವರು ಗಂಟು ತಪ್ಪಿಸಿ ಎಳೆ ನೋಡಿ ಕೊಡಲಿ ಹಾಕುತ್ತಾರಲ್ಲ, ಹಾಗೆ.

ಈ ಜಿಪುಣತನವೇ ಕಾಲಿಗೆ ಮುಳುವು. ಕಾಲನ್ನು ಉಳಿಸಬೇಕಾದರೆ ಅದರ ಒಂದು ಬದಿಯಲ್ಲಿ ಉದ್ದಕ್ಕೂ ಇಳಿದು, ಒಂದೊಂದು ಬೆರಳನ್ನೂ ಸುತ್ತಿ, ಇನ್ನೊಂದು ಬದಿಯಲ್ಲಿ ಹತ್ತಿ ಬರಬೇಕು. ತೊಡೆಯ ಬುಡದಲ್ಲಿ ಅಡ್ಡಕ್ಕೆ ಕತ್ತರಿಸಿದರೆ ನಾಲ್ಕು ದಾರದಲ್ಲಿ ಮುಗಿಯಿತು. ನೆರಳಿನಲ್ಲಂತೂ ಕಾಲಿಗೂ ಮಣ್ಣಿಗೂ ಬಣ್ಣದಲ್ಲಿ ಅಂಥ ವ್ಯತ್ಯಾಸವಿಲ್ಲ, ಬದಿಯ ದಾರಗಳೂ ಗಟ್ಟಿ. ಲೆಕ್ಕ ಹಾಕಿದ ಯಂತ್ರ ಕಾಲಿನ ಆಸೆ ಬಿಡುತ್ತದೆ.

ಈಗಿನ ಆ್ಯಪ್‌ಗಳಿಗೆ ಚೌಕವೂ ಬೇಡ. ಅವುಗಳ ಒಳಗಿರುವುದು ಉದಾಹರಣೆ ನೋಡಿ ಕಲಿತ ನರಜಾಲ. 2015ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳಿಂದ ಜೀವಕೋಶಗಳನ್ನು ಬಿಡಿಸಿ ತೋರಿಸಲು ಯು-ನೆಟ್ ಎಂಬ ಜಾಲ ಹುಟ್ಟಿತು. ಅದರ ವಂಶದ ಯು-ಸ್ಕ್ವೇರ್ಡ್-ನೆಟ್ 2020ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಿಂದ ಬಂತು. ಅದಕ್ಕೆ ಪಾಠವಾದದ್ದು 10,553 ಫೋಟೊ. ಪ್ರತಿಯೊಂದರಲ್ಲೂ ಕಣ್ಣಿಗೆ ಮೊದಲು ಬೀಳುವ ವಸ್ತು ಯಾವುದೆಂದು ಮನುಷ್ಯರು ಗುರುತು ಮಾಡಿಟ್ಟಿದ್ದರು. ಹಾಗಾಗಿ ಅದು ಕಲಿತದ್ದು ಕೋಳಿಯನ್ನಲ್ಲ, ನೋಡುವವರ ಕಣ್ಣಿನ ಚಾಳಿಯನ್ನು. ಅಕ್ಕ ಒಮ್ಮೆ ‘ಬಾ’ ಕಲಿಸಲು ಬಾವಿಯ ಫೋಟೊ ಕೊಟ್ಟರೆ ಆ್ಯಪ್ ಬಾವಿಯನ್ನು ಅಳಿಸಿ ಕಟ್ಟೆಯ ಮೇಲಿದ್ದ ಬಿಂದಿಗೆಯನ್ನು ಉಳಿಸಿತ್ತು. ‘ಬಿ’ ಕಲಿಸುವಾಗ ಆಗುತ್ತೆ ಬಿಡು ಎಂದು ಅವಳು ಅದನ್ನೂ ಎತ್ತಿಟ್ಟುಕೊಂಡಳು.

ಇನ್ನೊಂದು ಸಂಗತಿ. ಈ ಜಾಲ ಫೋಟೊವನ್ನು ಇದ್ದ ಹಾಗೆ ನೋಡುವುದೇ ಇಲ್ಲ, 320 ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಚೌಕಕ್ಕೆ ಕುಗ್ಗಿಸಿಕೊಂಡು ನೋಡುತ್ತದೆ. ಫೋಟೊ ಅಡ್ಡಕ್ಕೆ 4000 ಪಿಕ್ಸೆಲ್ ಇದ್ದರೆ ಹನ್ನೆರಡೂವರೆ ಪಿಕ್ಸೆಲ್ ಸೇರಿ ಒಂದಾಗುತ್ತವೆ. 25 ಪಿಕ್ಸೆಲ್ ದಪ್ಪದ ಕೋಳಿಕಾಲು ಅದರ ಕಣ್ಣಿಗೆ ಎರಡೇ ಪಿಕ್ಸೆಲ್. ಬೆಕ್ಕಿನ ಮೀಸೆಯ ಮಾತು ಬೇಡ.

ಹಾಗಂತ ಯಂತ್ರ ಬರೀ ‘ಉಂಟು, ಇಲ್ಲ’ ಎನ್ನುವ ಒರಟನಲ್ಲ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಪಿಕ್ಸೆಲ್‌ಗೆ ನಾಲ್ಕನೆಯ ಅಂಕಿಯೊಂದನ್ನು ಸೇರಿಸಿ ಆಲ್ಫಾ ಎಂದು ಕರೆದರು. ಸಾಮಾನ್ಯ ಫೈಲಿನಲ್ಲಿ ಅದು 0 ಇದ್ದರೆ ಗಾಜಿನ ಹಾಗೆ ಪೂರ್ತಿ ಪಾರದರ್ಶಕ, 255 ಇದ್ದರೆ ಗೋಡೆ. ನಡುವಿನದೆಲ್ಲ ಪುಕ್ಕದ ಅಂಚಿಗೆ. ಅಲ್ಲಿ ಒಂದೇ ಪಿಕ್ಸೆಲ್‌ನಲ್ಲಿ ಪುಕ್ಕವೂ ಹುಲ್ಲೂ ಹಾಲಿಗೆ ನೀರು ಬೆರೆಸಿದಂತೆ ಬೆರೆತಿರುತ್ತವೆ. ಬೇರ್ಪಡಿಸಬೇಕಾದರೆ ಪುಕ್ಕದ ಮೂರು ಅಂಕಿ, ಹುಲ್ಲಿನ ಮೂರು, ಬೆರಕೆಯ ಪ್ರಮಾಣ ಒಂದು, ಒಟ್ಟು ಏಳು ಬೇಕು. ಕೈಯಲ್ಲಿರುವುದು ಬೆರೆತ ಬಣ್ಣದ ಮೂರೇ. ಮೂರು ಸಮೀಕರಣಕ್ಕೆ ಏಳು ಅಜ್ಞಾತ! ಸಿನಿಮಾದವರು ಹಸಿರು ಪರದೆ ಕಟ್ಟುವುದು ಇದಕ್ಕೇ. ಹಿನ್ನೆಲೆಯ ಬಣ್ಣ ಮೊದಲೇ ಗೊತ್ತಿದ್ದರೆ ಏಳು ನಾಲ್ಕಕ್ಕಿಳಿಯುತ್ತದೆ. ಪರದೆ ಕಟ್ಟಲಾಗದವರ ಕೋಳಿಗೆ ಅಂಚಿನಲ್ಲಿ ಹುಲ್ಲಿನ ಹಳದಿ ಉಳಿದೇ ಉಳಿಯುತ್ತದೆ. ಅಂದಹಾಗೆ, ಕತ್ತರಿಸಿದ ಚಿತ್ರವನ್ನು ಪಿಎನ್‌ಜಿ ಫೈಲ್ ಆಗಿಯೇ ಇಟ್ಟುಕೊಳ್ಳಿ. ಸಾಮಾನ್ಯ ಜೆಪೆಗ್‌ನಲ್ಲಿ ನಾಲ್ಕನೆಯ ಅಂಕಿಗೆ ಜಾಗವಿಲ್ಲ. ತೆಗೆದ ಹಿನ್ನೆಲೆಯ ಜಾಗದಲ್ಲಿ ಬಿಳಿಯೋ ಕಪ್ಪೋ ತುಂಬಿಕೊಂಡು ಬರುತ್ತದೆ.

ಎರಡನೇ ಸಲ ಸುಣ್ಣದ ಗೋಡೆಯ ಹತ್ತಿರ ಬಿಸಿಲಲ್ಲಿ ಒಂದು ಹಿಡಿ ರಾಗಿ ಚೆಲ್ಲಿ ಕೋಳಿಯನ್ನು ಕರೆದೆ. ಆ್ಯಪ್‌ಗೆ ಕೊಡುವ ಮೊದಲು ಫೋಟೊವನ್ನು ಕೋಳಿಯ ಸುತ್ತ ಒತ್ತಾಗಿ ಕ್ರಾಪ್ ಮಾಡಿದೆ. ಕುಗ್ಗಿದರೂ ಆ 320ರಲ್ಲಿ ಬಹುಪಾಲು ಕೋಳಿಗೇ ಸಿಗಲಿ ಎಂದು. ಎರಡು ಕಾಲೂ ಬಂದವು, ಉಗುರಿನ ಸಮೇತ.

ಹೊಸ ಹಾಳೆ ಹಂಚಿದ ದಿನ ಒಬ್ಬಳು ಪೆನ್ಸಿಲ್ ಕಚ್ಚಿಕೊಂಡು ಕೇಳಿದಳಂತೆ: ‘ಮಿಸ್, ಈ ಕೋಳಿ ಯಾಕೆ ಗಾಳೀಲಿ ನಿಂತೈತೆ?’ ನೆಲವನ್ನೂ ನೆರಳನ್ನೂ ನಾವೇ ಅಳಿಸಿದ್ದೆವಲ್ಲ. ಅಕ್ಕ ಜೆರಾಕ್ಸಿಗೆ ಕೊಡುವ ಮೂಲ ಹಾಳೆ ತೆಗೆದು, ಕೋಳಿಯ ಕಾಲ ಕೆಳಗೆ ಪೆನ್ನಿನಲ್ಲಿ ಒಂದು ಗೆರೆ ಎಳೆದಳು.