ಹಳೆಯ ತೊಟ್ಟಿಗೆ ರಬ್ಬರ್ ಪೈಪು ಜೋಡಿಸುವುದು ಹೇಗೆ?

ಪಂಪ್‌ಸೆಟ್ ಇರುವ ತೋಟಗಳಲ್ಲಿ ಬಾವಿಯ ಪಕ್ಕ ಒಂದು ಸಿಮೆಂಟು ತೊಟ್ಟಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಿಂದೆ ಪಂಪಿನ ನೀರು ಅದರೊಳಗೆ ಬಿದ್ದು ಕಾಲುವೆಗೆ ಹರಿಯುತ್ತಿತ್ತು. ಕೊಳವೆ ಬಾವಿ ಬಂದ ಮೇಲೆ ನೀರು ಪೈಪಿನಲ್ಲೇ ಹೊಲಕ್ಕೆ ಹೋಗುತ್ತದೆ. ತೊಟ್ಟಿ ದನ ಕುಡಿಯುವುದಕ್ಕೆ, ಬಟ್ಟೆ ಒಗೆಯುವುದಕ್ಕೆ ಮಾತ್ರ ಉಳಿದಿದೆ. ಕೆಲವು ತೋಟಗಳಲ್ಲಿ ಅದೂ ಇಲ್ಲ, ಒಳಗೆ ತೆಂಗಿನ ಸಿಪ್ಪೆ ತುಂಬಿರುತ್ತದೆ. ಈ ತೊಟ್ಟಿಗೆ ಒಂದು ಪೈಪು ಜೋಡಿಸಿಕೊಂಡರೆ ಹಿತ್ತಲಿನ ತರಕಾರಿಗೂ ಎಳೆಯ ಸಸಿಗಳಿಗೂ ಕರೆಂಟಿನ ಹಂಗಿಲ್ಲದೆ ನೀರು ಕೊಡಬಹುದು.

ನಮ್ಮ ತೋಟಕ್ಕೆ ಮೂರು ಫೇಸ್ ಕರೆಂಟು ಹೆಚ್ಚಾಗಿ ರಾತ್ರಿ ಹೊತ್ತು ಬರುತ್ತದೆ. ಹೊಸದಾಗಿ ನೆಟ್ಟ ಅರವತ್ತು ಅಡಿಕೆ ಸಸಿಗಳಿಗೆ ಬೇಸಿಗೆಯಲ್ಲಿ ಮನೆಯ ಹೆಂಗಸರು ತೊಟ್ಟಿಯಿಂದ ಕೊಡದಲ್ಲಿ ನೀರು ಹೊರುತ್ತಿದ್ದರು. ಸಸಿಗೆ ಎರಡು ಕೊಡವೆಂದರೆ ನೂರಿಪ್ಪತ್ತು ಕೊಡ. ತೊಟ್ಟಿ ತೋಟದ ಏರಿನಲ್ಲಿದೆ, ಸಸಿಗಳು ತಗ್ಗಿನಲ್ಲಿವೆ. ನೀರು ತಾನಾಗಿ ಇಳಿಯುವ ಜಾಗಕ್ಕೆ ಅದನ್ನು ತಲೆಯ ಮೇಲೆ ಹೊರಿಸುತ್ತಿದ್ದೇವಲ್ಲ ಎಂಬ ಯೋಚನೆ ನನಗೆ ಬಂದದ್ದು ತಡವಾಗಿ.

ಮೊದಲು ಲೆಕ್ಕ ಹಾಕಿಕೊಳ್ಳಿ

ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂಬುದು ಸಿಗುತ್ತದೆ. ನಮ್ಮದು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. ಅಂದರೆ 72 ಘನ ಅಡಿ, ಸುಮಾರು 2,040 ಲೀಟರ್. ತಳದ ನಾಲ್ಕು ಅಂಗುಲದ ನೀರನ್ನು ಕೆಸರಿಗೆ ಬಿಟ್ಟರೂ 1,800 ಲೀಟರ್ ಉಳಿಯುತ್ತದೆ. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಇದು ಸರಿಯಾಗಿ ನೂರಿಪ್ಪತ್ತು ಕೊಡ.

ನೀರು ಎಷ್ಟು ಜೋರಾಗಿ ಬರುತ್ತದೆ ಎಂಬುದು ತೊಟ್ಟಿಯ ಗಾತ್ರವನ್ನು ಅವಲಂಬಿಸಿಲ್ಲ. ತೊಟ್ಟಿಯ ನೀರಿನ ಮಟ್ಟಕ್ಕೂ ಪೈಪಿನ ತುದಿಗೂ ಇರುವ ಎತ್ತರದ ಅಂತರವೇ ಮುಖ್ಯ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಬರುತ್ತದೆ. ನಮ್ಮಲ್ಲಿ ತೊಟ್ಟಿ ತುಂಬಿದಾಗ ಸಿಗುವುದು ಏಳು ಅಡಿ. ಒತ್ತಡ ಕಾಲು ಕಿಲೋ ಕೂಡ ಇಲ್ಲ. ಆದ್ದರಿಂದ ಇಂಥ ತೊಟ್ಟಿಗೆ ಸಾಮಾನ್ಯ ಡ್ರಿಪ್ ಜೋಡಿಸಿದರೆ ಎಲ್ಲ ಗಿಡಕ್ಕೂ ಒಂದೇ ಸಮನೆ ನೀರು ಬರುವುದಿಲ್ಲ. ಕೈಯಲ್ಲಿ ಹಿಡಿದು ಬಿಡುವ ಪೈಪಿಗೆ ಮಾತ್ರ ಧಾರಾಳವಾಗಿ ಸಾಕು.

ಒತ್ತಡ ಕಡಿಮೆ ಇರುವಲ್ಲಿ ಪೈಪಿನ ಅಗಲದಲ್ಲಿ ಜಿಪುಣತನ ಸಲ್ಲದು. ನೂರು ಅಡಿ ಉದ್ದದ ಅರ್ಧ ಇಂಚಿನ ಪೈಪಿನಲ್ಲಿ ಒಂದು ಕೊಡ ತುಂಬಲು ನಮಗೆ ಎರಡೂವರೆ ನಿಮಿಷ ಹಿಡಿಯಿತು. ಅಷ್ಟೇ ಉದ್ದದ ಮುಕ್ಕಾಲು ಇಂಚಿನ ಪೈಪಿಗೆ ಒಂದು ನಿಮಿಷ ಸಾಕಾಯಿತು. ಮೊದಲನೆಯದರಲ್ಲಿ ಐದು ಗಂಟೆಯ ಕೆಲಸ, ಎರಡನೆಯದರಲ್ಲಿ ಎರಡು ಗಂಟೆ.

ಪೈಪನ್ನು ಕೊಳ್ಳುವ ಮುಂಚೆ ಅಕ್ಕಪಕ್ಕದವರಲ್ಲಿ ಕೇಳಿ ತಂದು ಪರೀಕ್ಷೆ ಮಾಡಬಹುದು. ಇದಕ್ಕೆ ತೊಟ್ಟಿಗೆ ತೂತು ಕೊರೆಯಬೇಕಾಗಿಲ್ಲ. ಪೈಪಿನ ಒಳಗೆ ಗಾಳಿ ಉಳಿಯದಂತೆ ಪೂರ್ತಿ ನೀರು ತುಂಬಿ, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಮುಚ್ಚಿ, ಒಂದು ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಇನ್ನೊಂದನ್ನು ತಗ್ಗಿಗೆ ಒಯ್ದು ಬೆರಳು ತೆಗೆದರೆ ನೀರು ಗೋಡೆ ಹತ್ತಿ ಇಳಿದು ಬರುತ್ತದೆ. ಒಳಗಿನ ತುದಿಗೆ ಒಂದು ಕಲ್ಲು ಕಟ್ಟಿ, ಬಾಯಿ ತಳಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಒಂದು ವಾರ ಹೀಗೆ ನಡೆಸಿ ನೋಡಿದರೆ ಯಾವ ಅಳತೆಯ ಪೈಪು ಬೇಕು, ಎಷ್ಟು ಉದ್ದ ಬೇಕು ಎಂಬುದು ತಿಳಿಯುತ್ತದೆ. ಹಳೆಯ ಕಲ್ಲು ಚಪ್ಪಡಿಯ ತೊಟ್ಟಿಯಾದರೆ ಇದೇ ವಿಧಾನದಲ್ಲಿ ಮುಂದುವರಿಯುವುದು ಕ್ಷೇಮ.

ತೂತಿನ ವಿಷಯದಲ್ಲಿ ಅವಸರ ಬೇಡ

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಚಾಣ, ದೊಡ್ಡ ಸುತ್ತಿಗೆ ಹಿಡಿದು ಗೋಡೆಗೆ ನಾನೇ ಕೈಯಿಟ್ಟೆ. ತೂತೇನೋ ಆಯಿತು, ಜೊತೆಗೆ ಅಂಗೈಯಗಲ ಗಾರೆ ಕಳಚಿ ಮೂಲೆಯವರೆಗೆ ಬಿರುಕು ಬಿಟ್ಟಿತು. ರಾತ್ರಿ ತುಂಬಿಸಿದ ನೀರು ಬೆಳಗಾಗುವಷ್ಟರಲ್ಲಿ ಖಾಲಿ. ರಿಪೇರಿಗೆ ಬಂದ ಹಿರಿಯ ಗಾರೆ ಮೇಸ್ತ್ರಿ, "ಸ್ವಾಮಿ, ಹಳೇ ತೊಟ್ಟೀಲಿ ನೀರು ಹೋಗೋ ದಾರಿ ಆಗಲೇ ಇರುತ್ತೆ, ಅದನ್ನ ಹುಡುಕಬೇಕಿತ್ತು" ಎಂದರು. ನಿಜವೇ. ತಳದ ಹತ್ತಿರ, ಪಾಚಿಯ ಕೆಳಗೆ, ಹಳೆಯ ಬಟ್ಟೆ ಸುತ್ತಿ ಮರದ ಬೆಣೆ ಬಡಿದಿದ್ದ ತೂತು ಇತ್ತು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ಜೊತೆಗೆ ವಾಟರ್‌ಪ್ರೂಫ್ ಪುಡಿ ಸೇರಿಸಿ ಬಿರುಕು ಮುಚ್ಚಿ, ಏಳು ದಿನ ಗಾರೆಗೆ ನೀರುಣಿಸಿದೆವು. ಆ ಏಳು ದಿನದ ಬಿಸಿಲಿಗೆ ಒಂಬತ್ತು ಸಸಿ ಒಣಗಿದವು.

ಹಳೆಯ ತೂತಿನಲ್ಲಿ ಮುಕ್ಕಾಲು ಇಂಚಿನ ಜಿ.ಐ. ಪೈಪಿನ ತುಂಡೊಂದನ್ನು ಕೂರಿಸಿ ಸುತ್ತಲೂ ಗಾರೆ ತುಂಬಬೇಕು. ಗೋಡೆ ಒಂಬತ್ತು ಅಂಗುಲವಿದ್ದರೆ ತುಂಡು ಹದಿನಾಲ್ಕು ಅಂಗುಲವಿರಲಿ, ಎರಡೂ ತುದಿಗೆ ತಿರುಪು ಕೊರೆಸಿರಲಿ. ತೊಟ್ಟಿಯ ಒಳಗಿನ ತುದಿಗೆ ಬಾಯಿ ಮೇಲಾಗುವಂತೆ ಒಂದು ಬೆಂಡು ಹಾಕಿ, ಅದರಲ್ಲಿ ಪಿ.ವಿ.ಸಿ. ಪೈಪಿನ ಚಿಕ್ಕ ತುಂಡನ್ನು ಅಂಟಿಸದೆ ಬಿಗಿಯಾಗಿ ಸಿಕ್ಕಿಸಿಡಬೇಕು. ಇದರ ಬಾಯಿ ತಳದಿಂದ ನಾಲ್ಕು ಅಂಗುಲ ಮೇಲಿದ್ದು, ಸೊಳ್ಳೆ ಪರದೆಯ ಜಾಲರಿ ಕಟ್ಟಿರಬೇಕು. ಕೆಸರು ಕೆಳಗೇ ಉಳಿಯುತ್ತದೆ. ತೊಟ್ಟಿ ತೊಳೆಯುವಾಗ ಈ ತುಂಡನ್ನು ಕಿತ್ತು, ಹೊರಗೆ ರಬ್ಬರ್ ಪೈಪು ಬಿಡಿಸಿ, ವಾಲ್ವ್ ತೆರೆದರೆ ಕೆಸರೆಲ್ಲ ಹೊರಕ್ಕೆ ಹೋಗುತ್ತದೆ.

ಹೊರಗಿನ ತುದಿಗೆ ಬಾಲ್ ವಾಲ್ವ್ ಒಳ್ಳೆಯದು. ಗೇಟ್ ವಾಲ್ವಿನ ತಳದಲ್ಲಿ ಮರಳು ಕೂತರೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ವಾಲ್ವಿಗೆ ಹೋಸ್ ನಿಪ್ಪಲ್ ತಿರುಗಿಸಿ, ರಬ್ಬರ್ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಏರಿಸಿ ಕ್ಲಿಪ್ಪು ಬಿಗಿಯಬೇಕು. ತಿರುಪುಗಳಿಗೆ ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿನಲ್ಲೇ ಸುತ್ತಬೇಕು. ಹಿಂದೆ ಸೆಣಬಿನ ನಾರಿಗೆ ಸೀಸದ ಬಿಳಿ ಬಣ್ಣ ಬಳಿದು ಸುತ್ತುತ್ತಿದ್ದರು. ಸೀಸ ವಿಷ, ದನ ಕುಡಿಯುವ ತೊಟ್ಟಿಗೆ ಅದು ಬೇಡ.

ಜೋಡಣೆ ಸೋರುವುದಕ್ಕೆ ಬಹಳ ಸಲ ಕಾರಣ ಟೇಪೂ ಅಲ್ಲ, ಕ್ಲಿಪ್ಪೂ ಅಲ್ಲ. ದೂರದ ಸಸಿಗೆ ಪೈಪು ಎಳೆಯುವಾಗ ಎಳೆತವೆಲ್ಲ ವಾಲ್ವಿನ ಮೇಲೆ ಬೀಳುತ್ತದೆ. ತೊಟ್ಟಿಯಿಂದ ಎರಡು ಅಡಿ ದೂರದಲ್ಲಿ ಒಂದು ಗೂಟ ಹೊಡೆದು ಪೈಪನ್ನು ಅದಕ್ಕೆ ಕಟ್ಟಿದರೆ ಈ ತೊಂದರೆ ಇಲ್ಲ. ಪೈಪು ಬದುವಿನ ಮೇಲೆ ಹತ್ತಿ ಇಳಿಯುವ ಕಡೆ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುವುದುಂಟು. ಅಲ್ಲಿ ಬದುವನ್ನು ಸ್ವಲ್ಪ ಕಡಿದು ಪೈಪು ಹಾಯಿಸಿ.

ಹೊಸ ಗಾರೆ ಹಾಕಿದ ತೊಟ್ಟಿಯ ಮೊದಲ ಎರಡು ಸಲದ ನೀರನ್ನು ಹೊರಗೆ ಚೆಲ್ಲಬೇಕು, ಅದರಲ್ಲಿ ಸುಣ್ಣದ ಖಾರವಿರುತ್ತದೆ. ಸೊಳ್ಳೆಗೆ ನಾಲ್ಕು ಗಪ್ಪಿ ಮೀನು ಬಿಟ್ಟರಾಯಿತು.

ಪೈಪು ಬಂದ ಮೇಲೆ ಕೆಲವರಿಗೆ ಇನ್ನೊಂದು ಆಸೆ ಹುಟ್ಟುತ್ತದೆ: ತೊಟ್ಟಿಗೇ ಯೂರಿಯಾ ಕರಗಿಸಿ ಬಿಟ್ಟರೆ ಗೊಬ್ಬರ ಹಾಕುವ ಕೂಲಿ ಉಳಿಯಿತಲ್ಲ ಎಂದು. ಖಂಡಿತ ಕೂಡದು. ಯೂರಿಯಾ ಕರಗಿದ ನೀರು ಕುಡಿದ ದನ ಹೊಟ್ಟೆ ಉಬ್ಬರಿಸಿ, ನಡುಗಿ, ಕೆಲವೇ ಗಂಟೆಗಳಲ್ಲಿ ಸಾಯಬಹುದು. ಡಾಕ್ಟರು ಬರುವಷ್ಟು ಹೊತ್ತೂ ಸಿಗದೆ ಹೋಗಬಹುದು. ಗೊಬ್ಬರವನ್ನು ಬುಡಕ್ಕೆ ಕೈಯಿಂದಲೇ ಹಾಕಿ ಮೇಲೆ ಪೈಪಿನ ನೀರು ಬಿಡಿ. ಔಷಧಿ ಸಿಂಪಡಿಸುವ ಬಕೆಟ್ಟಿನೊಳಗೂ ಪೈಪಿನ ತುದಿಯನ್ನು ಮುಳುಗಿಸಿಡಬಾರದು. ಎತ್ತರದಲ್ಲಿಟ್ಟ ಬಕೆಟ್ಟಿನ ನೀರು, ತೊಟ್ಟಿ ಬರಿದಾದಾಗ ಹಿಂದಕ್ಕೆ ಹರಿದು ತೊಟ್ಟಿಗೇ ಸೇರುತ್ತದೆ.

ಪೈಪು ಕೊಳ್ಳುವಾಗ ಒಳಗಿನದು ಕಾಣುವ ಬಿಳಿಯದಕ್ಕಿಂತ ಹಸಿರು ಅಥವಾ ಕಪ್ಪು ಬಣ್ಣದ, ನೂಲು ಹೆಣೆದದ್ದನ್ನು ಆರಿಸಿ. ಬೆಳಕು ಹೋಗದಿದ್ದರೆ ಪಾಚಿ ಕಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ ನೀರು ಬಸಿದು, ಸುತ್ತಿ, ಇಲಿಗೆ ಸಿಗದಂತೆ ಪಂಪ್‌ಹೌಸಿನ ಗೋಡೆಗೆ ತೂಗುಹಾಕಿ.