ಮಾಯಾಲೋಕದಲ್ಲಿ ಅಮ್ಮ ಎಲ್ಲಿ?

ಬೇಸಿಗೆ ರಜೆಯ ಮಧ್ಯಾಹ್ನ. ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಹಾಲ್‌ಗೆ ಬಂದರೆ ಮಗಳು ದಪ್ಪನೆಯ ಪುಸ್ತಕದಲ್ಲಿ ಮುಳುಗಿರುತ್ತಾಳೆ. ಮಾಂತ್ರಿಕರು, ಡ್ರ್ಯಾಗನ್, ಕತ್ತಿ, ಯುದ್ಧ. 'ಸದ್ಯ, ಮೊಬೈಲ್ ಹಿಡ್ಕೊಂಡಿಲ್ವಲ್ಲ' ಅಂತ ನೀವು ನೆಮ್ಮದಿಯಾಗಿ ಕಾಫಿಗೆ ನೀರಿಡುತ್ತೀರಿ, ಅಲ್ವಾ? ನಾನೂ ಹಾಗೇ ಇದ್ದೆ. ಒಂದು ದಿನ ನನ್ನ 12 ವರ್ಷದ ಮಗಳು ಪುಸ್ತಕ ಮಡಿಚಿಟ್ಟು ಕೇಳಿದಳು, 'ಅಮ್ಮಾ, ಈ ಕತೇಲಿ ಹೆಂಗಸರೆಲ್ಲ ಎಲ್ಲಿ ಹೋಗಿದ್ದಾರೆ?'

ಅವಳ ಕೈಯಲ್ಲಿದ್ದದ್ದು 1937ರಲ್ಲಿ ಬಂದ ಟೋಲ್ಕಿನ್‌ರ 'ದಿ ಹಾಬಿಟ್'. 13 ಮಂದಿ ಕುಬ್ಜರು, ಒಬ್ಬ ಮಾಂತ್ರಿಕ, ಒಬ್ಬ ಹಾಬಿಟ್ ಸೇರಿ ನಿಧಿ ತರಲು ಹೊರಡುವ ಕತೆ. ನಾಯಕನ ತಾಯಿಯ ಹೆಸರು ಬರುತ್ತದೆ, ಆಕೆ ಬರುವುದಿಲ್ಲ. ಪಾತ್ರ ಅನ್ನುವಂಥ ಹೆಣ್ಣು ಇಡೀ ಪುಸ್ತಕದಲ್ಲಿಲ್ಲ. 2013ರ ಸಿನಿಮಾಕ್ಕೆ ಟಾರಿಯಲ್ ಎಂಬ ಬಿಲ್ಲುಗಾರ್ತಿಯನ್ನು ಹೊಸದಾಗಿ ಸೃಷ್ಟಿಸಬೇಕಾಯಿತು ನೋಡಿ!

ಅದೇ ಟೋಲ್ಕಿನ್ 1954-55ರಲ್ಲಿ ಪ್ರಕಟಿಸಿದ 'ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಎಯೋವಿನ್ ಇದ್ದಾಳೆ. ರಾಜನ ತಂಗಿಯ ಮಗಳು. ಗಂಡಸರೆಲ್ಲ ಯುದ್ಧಕ್ಕೆ ಹೊರಟಾಗ 'ನೀನು ಇಲ್ಲೇ ಇದ್ದು ಎಲ್ಲರನ್ನೂ ನೋಡಿಕೋ' ಎಂಬ ಅಪ್ಪಣೆ ಅವಳಿಗೆ. ನಮಗೆಲ್ಲ ಗೊತ್ತಿರೋ ಮಾತೇ ಬಿಡಿ! ಅವಳು ಗಂಡುವೇಷದಲ್ಲಿ ಹೋಗಿ, ಯಾವ ಗಂಡಸಿನಿಂದಲೂ ಸಾಯದ ಶತ್ರುನಾಯಕನನ್ನು ಕೊಲ್ಲುತ್ತಾಳೆ. ಆಮೇಲೆ? ಕತ್ತಿ ಕೆಳಗಿಟ್ಟು, ಗಾಯ ವಾಸಿಮಾಡುವವಳಾಗಲು ನಿರ್ಧರಿಸಿ ಮದುವೆಯಾಗುತ್ತಾಳೆ. ನಮ್ಮ ಲಕ್ಷ್ಮೀಶನ ಪ್ರಮೀಳೆಯೂ ಅರ್ಜುನನನ್ನು ಎದುರಿಸಿ ನಿಂತು, ಕೊನೆಗೆ ಅವನನ್ನೇ ವರಿಸಿದಳಲ್ಲವೇ? ಟೋಲ್ಕಿನ್ ಸ್ವತಃ ಮೊದಲ ಮಹಾಯುದ್ಧ ಕಂಡವರು, ಕೊಲ್ಲುವುದಕ್ಕಿಂತ ಆರೈಕೆಯೇ ದೊಡ್ಡದು ಅಂದುಕೊಂಡಿದ್ದರೆ ತಪ್ಪೇನಿಲ್ಲ. ಆದರೂ ನನ್ನ ಮಗಳಿಗೆ ಆ ಪುಟ ರುಚಿಸಲಿಲ್ಲ.

'ನಾರ್ನಿಯಾ' ಸರಣಿಯ ಸೂಸನ್ ಕತೆ ಇನ್ನೂ ಬೇಸರದ್ದು. 1956ರ ಕೊನೆಯ ಪುಸ್ತಕದಲ್ಲಿ ಅಣ್ಣ, ತಮ್ಮ, ತಂಗಿ ಎಲ್ಲರೂ ನಾರ್ನಿಯಾ ಸೇರುತ್ತಾರೆ, ಸೂಸನ್ ಇಲ್ಲ. ಅವಳಿಗೆ ಈಗ ಲಿಪ್‌ಸ್ಟಿಕ್, ಪಾರ್ಟಿಗಳೇ ಮುಖ್ಯ ಎಂಬ ದೂರು. ಪುಟ್ಟ ಹುಡುಗಿಯರು ಓದುವ ಪುಸ್ತಕ ಇದು!

ಹಳಬರು ಹಾಗೆ, ಈಗಿನವರು ಪರವಾಗಿಲ್ಲ ಅಂತೀರಾ? 2011ರಿಂದ 2019ರವರೆಗೆ ಬಂದ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯಲ್ಲಿ ರಾಣಿಯರಿಗೇನೂ ಕೊರತೆಯಿರಲಿಲ್ಲ. ಆದರೆ ಮೂಲ ಕಾದಂಬರಿಯಲ್ಲಿ ಸಾನ್ಸಾ ಎಂಬ ಹುಡುಗಿಗೆ ಆಗದ ಅತ್ಯಾಚಾರವನ್ನು 2015ರಲ್ಲಿ ತೆರೆಯ ಮೇಲೆ ಅವಳಿಗೆ ತಂದಿಟ್ಟರು. ದೊಡ್ಡ ಗಲಾಟೆಯೇ ಆಯಿತು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಹಾಕಲೇಬೇಡಿ.

ಹಾಗಂತ ಪುಸ್ತಕ ಕಸಿದುಕೊಳ್ಳಬೇಡಿ. ಕಸಿದುಕೊಂಡರೆ ಹಾಸಿಗೆಯಡಿ ಬಚ್ಚಿಟ್ಟು ಓದ್ತಾರೆ, ನಿಮ್ಮ ಹತ್ತಿರ ಮಾತು ಮಾತ್ರ ನಿಲ್ಲುತ್ತೆ. ಬದಲಿಗೆ ರೊಟ್ಟಿ ಲಟ್ಟಿಸುವಾಗ 'ಇವತ್ತು ಏನಾಯ್ತು ಕತೇಲಿ? ಅವರಿಗೆಲ್ಲ ಅಡುಗೆ ಯಾರು ಮಾಡ್ತಾರೆ?' ಅಂತ ಕೇಳಿ. ಗಂಡುಮಕ್ಕಳನ್ನೂ ಕೇಳಿ, ಅವರನ್ನೇ ಮೊದಲು ಕೇಳಿ.

ಮತ್ತೆ ನೀವೇ ಓದಬೇಕಾದ ಪುಸ್ತಕ ಒಂದಿದೆ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1968ರಲ್ಲಿ 'ಅರ್ತ್‌ಸೀ' ಲೋಕದ ಮೊದಲ ಕಾದಂಬರಿ ಬರೆದಾಗ ಅಲ್ಲಿನ ಮಂತ್ರವಿದ್ಯೆಯ ಶಾಲೆಗೆ ಗಂಡುಮಕ್ಕಳಿಗಷ್ಟೇ ಪ್ರವೇಶ. ಬರೆದವರು ಹೆಂಗಸೇ! ಆದರೆ ಆಕೆ ಸುಮ್ಮನಾಗಲಿಲ್ಲ. 1990ರಲ್ಲಿ ಅದೇ ಲೋಕಕ್ಕೆ ಮರಳಿ 'ತೆಹಾನು' ಬರೆದರು. ನಾಯಕಿ ಟೆನಾರ್ ನಡುವಯಸ್ಸಿನ ವಿಧವೆ, ಮಕ್ಕಳು ದೊಡ್ಡವರಾಗಿದ್ದಾರೆ. ಆಡು, ಅಡುಗೆಮನೆ, ಜೊತೆಗೆ ಯಾರೋ ಬೆಂಕಿಗೆ ತಳ್ಳಿದ್ದ ಒಂದು ಮಗುವಿನ ಆರೈಕೆ, ಇದೇ ಅವಳ ಸಾಹಸ. ಮಂತ್ರಶಕ್ತಿ ಕಳೆದುಕೊಂಡ ಮಹಾಮಾಂತ್ರಿಕ ಗೆಡ್ ಅವಳ ಆಸರೆಗೆ ಬರುತ್ತಾನೆ. ಸಮುದ್ರ ಸುತ್ತಿ ಬಂದ ಮಗನಿಗೆ ಪಾತ್ರೆ ತೊಳೆಯುವುದು ಹೆಂಗಸರ ಕೆಲಸ. ಉಂಡವರೆಲ್ಲರದ್ದೂ ಅನ್ನುವ ಅಮ್ಮನ ಮಾತು ಅವನ ತಲೆಗೆ ಹೋಗುವುದಿಲ್ಲ. ಆ ಪುಟ ಓದಿ ನಾನು ಸಿಂಕ್ ಕಡೆ ನೋಡಿ ನಕ್ಕೆ.

ಮಗುವಿನ ಮೇಲಿನ ಕ್ರೌರ್ಯದ ಪ್ರಸ್ತಾಪ ಇರುವುದರಿಂದ ಮೊದಲು ನೀವು ಓದಿ, ಆಮೇಲೆ ಮಗಳ ಕೈಗೆ ಕೊಡಿ. ನಾನು ಇನ್ನೆರಡು ವರ್ಷ ಕಾಯೋಣ ಅಂದುಕೊಂಡಿದ್ದೆ. ಆದರೆ ಮೊನ್ನೆ ನೋಡಿದರೆ ನಾನಿಟ್ಟ ಗುರುತಿನ ಚೀಟಿ 40 ಪುಟ ಮುಂದೆ ಹೋಗಿತ್ತು.